ಉತ್ತರ ಕೊಟ್ಟದ್ದು ಯಾರು?

ನಮ್ಮೂರು ತಿಪಟೂರು. ಬಿ.ಕಾಂ. ಮುಗಿಸಿ 1975ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು 2012ರಲ್ಲಿ ನಿವೃತ್ತನಾಗುವಾಗಲೂ ಗುಮಾಸ್ತನೇ ಆಗಿದ್ದೆ. ಬಡ್ತಿ ತೆಗೆದುಕೊಂಡರೆ ಊರೂರು ಅಲೆಯಬೇಕಾಗುತ್ತಿತ್ತು ಎಂದು ನಾನು ಹೇಳುತ್ತೇನೆ. ಪರೀಕ್ಷೆ ಪಾಸಾಗಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಎರಡೂ ನಿಜ.

ಇಂಥ ನಾನು ವಿಪಿಎನ್ ಎಂಬ ವಿಷಯದ ಬಗ್ಗೆ ಬರೆಯಲು ಕುಳಿತಿದ್ದೇನೆಂದರೆ ನಮ್ಮ ಬೀದಿಯವರೇ ನಗುತ್ತಾರೆ. ಆದರೆ ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ಹೇಳದೆ ಇರಲಾಗುತ್ತಿಲ್ಲ. ಅದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಆ ವರ್ಷ ದಸರಾಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ನನ್ನ ಹೆಂಡತಿ ಬಚ್ಚಲಮನೆಯಲ್ಲಿ ಜಾರಿ ಬಿದ್ದಳು. ಸೊಂಟದ ಹತ್ತಿರ ಮೂಳೆ ಮುರಿಯಿತು. ತುಮಕೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಕಳಿಸುವಾಗ ವೈದ್ಯರು, "ಆರು ವಾರ ಜೋಪಾನ. ಯಾರೂ ಹಿಡಿದುಕೊಳ್ಳದೆ ಇವರು ಏಳಬಾರದು" ಎಂದರು. ನನಗೆ ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ. ಅವಳನ್ನು ಎತ್ತಿ ಕೂರಿಸುವ ಶಕ್ತಿ ನನ್ನ ತೋಳಿನಲ್ಲಿ ಉಳಿದಿರಲಿಲ್ಲ.

ಬೆಂಗಳೂರಿನಿಂದ ಮಗಳು ಬಂದಳು. ಜೊತೆಗೆ ಮೊಮ್ಮಗನೂ ಬಂದ. ಆಗ ಏಳನೇ ಕ್ಲಾಸು, ದಸರಾ ರಜೆ. ಅವನನ್ನು ನಾವೆಲ್ಲ ಪುಟ್ಟ ಎಂದೇ ಕರೆಯುವುದು. ಮಗಳು ಒಂದು ಚಿಕ್ಕ ಆಡಿಟ್ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತಾಳೆ. ಅದರ ಯಜಮಾನರು ಒಳ್ಳೆಯವರು. "ತಾಯಿ ಓಡಾಡುವ ಹಾಗಾಗುವವರೆಗೆ ಅಲ್ಲಿಂದಲೇ ಕೆಲಸ ಮಾಡಮ್ಮ. ಆದರೆ 20ನೇ ತಾರೀಖಿನ ಕೆಲಸ ಮಾತ್ರ ನಿಲ್ಲಬಾರದು" ಎಂದು ಹೇಳಿ ಕಳಿಸಿದ್ದರು. ಪ್ರತಿ ತಿಂಗಳೂ 20ರೊಳಗೆ ಗಿರಾಕಿಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು. ತಡವಾದರೆ ದಂಡ, ಬಡ್ಡಿ.

ಆ ಲೆಕ್ಕವೆಲ್ಲ ಇರುವುದು ಅವರ ಆಫೀಸಿನ ಸರ್ವರ್‌ನಲ್ಲಿ. ಅದನ್ನು ಇಲ್ಲಿಂದ ತೆರೆಯಬೇಕಾದರೆ ವಿಪಿಎನ್ ಬೇಕು.

ಮಕ್ಕಳೇ, ವಿಪಿಎನ್ ಎಂದರೇನೆಂದು ನನಗೆ ಅರ್ಥವಾದ ಬಗೆಯಲ್ಲಿ ಹೇಳುತ್ತೇನೆ. ತಿಪಟೂರಿನ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಅಲ್ಲಿಯ ವ್ಯಾಪಾರಿಗಳು ನಮ್ಮೂರ ಮಂಡಿಯವರಿಗೆ ತಂತಿಯ ಮೂಲಕ ಹಣ ಕಳಿಸುತ್ತಿದ್ದರು. ಬ್ಯಾಂಕಿನವರ ಬಾಯಲ್ಲಿ ಅದು ಟಿ.ಟಿ. ತಂತಿ ಬರುತ್ತಿದ್ದದ್ದು ಎಲ್ಲರೂ ಬಳಸುವ ತಂತಿ ಕಚೇರಿಯಿಂದಲೇ. ದಾರಿಯಲ್ಲಿ ಎಷ್ಟೋ ಜನ ಅದನ್ನು ನೋಡಬಹುದು. ಆದರೆ ಅದರಲ್ಲಿ ಗುಪ್ತ ಪದಗಳಿರುತ್ತಿದ್ದವು, ಒಂದು ಪರೀಕ್ಷಾ ಸಂಖ್ಯೆಯೂ ಇರುತ್ತಿತ್ತು. ನಮ್ಮ ಅಧಿಕಾರಿಗಳು ಬೀಗ ಹಾಕಿಟ್ಟ ಸಂಕೇತದ ಪುಸ್ತಕ ತೆಗೆದು, ಲೆಕ್ಕ ಹಾಕಿ, ಆ ಸಂಖ್ಯೆ ತಾಳೆಯಾದರೆ ಮಾತ್ರ ಹಣ ಕೊಡುತ್ತಿದ್ದರು. ದಾರಿ ಎಲ್ಲರದು, ಗುಟ್ಟು ಇಬ್ಬರದು.

ವಿಪಿಎನ್ ಕೂಡ ಅಷ್ಟೇ. ಇಂಟರ್‌ನೆಟ್ ಎಲ್ಲರೂ ಓಡಾಡುವ ದಾರಿ. ಆ ದಾರಿಯಲ್ಲೇ ಲ್ಯಾಪ್‌ಟಾಪಿನಿಂದ ಆಫೀಸಿನವರೆಗೆ ಒಂದು ಸುರಂಗ ಮಾಡಿಕೊಂಡ ಹಾಗೆ. ಈ ತುದಿಯಲ್ಲಿ ಮಾತೆಲ್ಲ ಸಂಕೇತವಾಗಿ ಬದಲಾಗುತ್ತದೆ, ಆ ತುದಿಯಲ್ಲಿ ಮತ್ತೆ ಮಾತಾಗುತ್ತದೆ. ನಡುವೆ ಯಾರಾದರೂ ಇಣುಕಿದರೆ ತಲೆಬುಡ ತಿಳಿಯುವುದಿಲ್ಲ. ಸುರಂಗ ಸಿದ್ಧವಾದ ಮೇಲೆ ತಿಪಟೂರಿನಲ್ಲಿ ಕುಳಿತ ಮಗಳು ಆಫೀಸಿನ ತನ್ನ ಮೇಜಿನಲ್ಲೇ ಕುಳಿತ ಹಾಗೆ.

ಮೊದಲ ಎರಡು ವಾರ ಅವಳು ಕೆಲಸ ಮಾಡಿದ್ದು ತಾರಸಿಯ ಮೇಲೆ. ನಮ್ಮದು ದಪ್ಪ ಗೋಡೆಯ ಹಳೆಯ ಮನೆ, ಒಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ನೀರಿನ ತೊಟ್ಟಿಯ ಪಕ್ಕ ಸ್ಟೂಲು ಹಾಕಿಕೊಂಡು, ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಕೊಟ್ಟು ವಿಪಿಎನ್ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ನಾನು ಔಷಧಿ ತರಲು ಹೋಗಿದ್ದೆ. ಪುಟ್ಟ ಬೀದಿಯಲ್ಲಿ ಆಡುತ್ತಿದ್ದ. ನನ್ನ ಹೆಂಡತಿ ಮೂರು ಸಲ ಕೂಗಿದಳಂತೆ. ತಾರಸಿಗೆ ಕೇಳಿಸಲಿಲ್ಲ. ತಾನೇ ಎದ್ದಳು. ನಾನು ಬಾಗಿಲು ತೆಗೆದಾಗ ಗೋಡೆ ಹಿಡಿದು, ಬೆವೆತು, ಒಂದೇ ಕಾಲಿನ ಮೇಲೆ ನಡುಗುತ್ತ ನಿಂತಿದ್ದಳು. ಔಷಧಿ ಚೀಲ ಅಲ್ಲೇ ಬಿಟ್ಟು ಹಿಡಿದುಕೊಂಡೆ. ಆ ದಿನ ನಾವು ಮೂವರೂ ಸರಿಯಾಗಿ ಊಟ ಮಾಡಲಿಲ್ಲ.

ಮಾರನೆಯ ದಿನವೇ ಮನೆಗೆ ಫೈಬರ್ ಲೈನ್ ಹಾಕಿಸಲು ಹೇಳಿ ಬಂದೆ. ಮಲಗಿದವಳಿಗೆ ಹೊತ್ತು ಹೋಗಲೆಂದು ಅವಳ ಕೋಣೆಗೆ ಒಂದು ಹೊಸ ಟಿವಿಯನ್ನೂ ತಂದೆ, ಇಂಟರ್‌ನೆಟ್‌ಗೆ ಸೇರಿಸುವಂಥದ್ದು. 16ನೇ ತಾರೀಖು ಸಂಜೆ ಎರಡೂ ಬಂದವು. ಗೋಡೆಯ ಮೇಲೆ ವೈಫೈ ಡಬ್ಬಿ ಹಸಿರು ದೀಪ ಬಿಟ್ಟುಕೊಂಡು ಕುಳಿತಿತು. ಪುಟ್ಟ ಟಿವಿಯನ್ನು ಅದಕ್ಕೆ ಜೋಡಿಸಿಕೊಟ್ಟ. ಇನ್ನು ಮಗಳು ತಾಯಿಯ ಮಂಚದ ಪಕ್ಕದಲ್ಲೇ ಕುಳಿತು ಕೆಲಸ ಮಾಡಬಹುದೆಂದು ನೆಮ್ಮದಿಯಾಗಿ ಮಲಗಿದೆವು.

ಬೆಳಿಗ್ಗೆ ಮಗಳು ಲ್ಯಾಪ್‌ಟಾಪ್ ತೆರೆದಳು. ವಿಪಿಎನ್ 'ಕನೆಕ್ಟೆಡ್' ಎಂದಿತು. ಆದರೆ ಆಫೀಸಿನ ಫೋಲ್ಡರ್ ತೆರೆಯಲಿಲ್ಲ. ಚಕ್ರ ತಿರುಗುತ್ತದೆ, ತಿರುಗುತ್ತದೆ, ಆಮೇಲೆ 'ಸಿಗುತ್ತಿಲ್ಲ' ಎಂದು ಬರುತ್ತದೆ. ಆಫ್ ಮಾಡಿ ಆನ್ ಮಾಡಿದಳು. ಅದೇ ಕಥೆ.

ಅವರ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಫೋನಿಗೆ ಬಂದ. ಇಪ್ಪತ್ತೈದರ ಆಸುಪಾಸು, ಸೌಮ್ಯ ಮಾತು. "ಮೇಡಂ, ಸರ್ವರ್‌ಗೆ ಒಂದು ಪಿಂಗ್ ಮಾಡಿ" ಎಂದ. ಪಿಂಗ್ ಎಂದರೆ ಕತ್ತಲಲ್ಲಿ ನಿಂತು "ಯಾರಪ್ಪಾ ಇದ್ದೀರಾ?" ಎಂದು ಕೂಗುವುದು. ಆ ಕಡೆಯ ಯಂತ್ರ "ಇದ್ದೇನೆ" ಎನ್ನುತ್ತದೆ. ಮಗಳು ಕೂಗಿದಳು. "ಇದ್ದೇನೆ" ಎಂದು ನಾಲ್ಕಕ್ಕೆ ನಾಲ್ಕು ಉತ್ತರವೂ ಬಂತು.

"ಹಾಗಾದರೆ ದಾರಿ ಸರಿಯಾಗಿದೆ ಮೇಡಂ. ಸರ್ವರ್‌ನಲ್ಲಿ ನಿಮ್ಮ ಅನುಮತಿಯದ್ದೇ ಏನೋ ತೊಂದರೆ" ಎಂದು ಆ ಹುಡುಗ ಸಂಜೆಯವರೆಗೂ ಆಫೀಸಿನ ಕಡೆ ಏನೇನೋ ತಿದ್ದಿದ. ಏನೂ ಆಗಲಿಲ್ಲ.

ಬೇಸತ್ತ ಮಗಳು ಫೈಬರ್‌ನವರ ಸಹಾಯವಾಣಿಯ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಲು ಹೊರಟಳು. ನಾನು ತಡೆದೆ. ಹಾಗೆ ಹುಡುಕಿದಾಗ ಮೋಸಗಾರರು ಹಾಕಿಟ್ಟ ನಂಬರ್ ಸಿಕ್ಕಿ, ಅವರು ಹೇಳಿದ ಆ್ಯಪ್ ಹಾಕಿಕೊಂಡು, ಖಾತೆ ಖಾಲಿ ಮಾಡಿಕೊಂಡವರಿದ್ದಾರೆ. ನಂಬರ್ ಬೇಕಾದರೆ ಬಿಲ್ಲಿನ ಮೇಲಿರುವುದನ್ನೇ ನೋಡಬೇಕು. ಬಿಲ್ಲಿನ ನಂಬರಿಗೆ ಮಾಡಿದೆವು. "ನಿಮ್ಮ ಲೈನ್ ಚೆನ್ನಾಗಿದೆ" ಎಂದರು. ಅದೂ ನಿಜವೇ. ಪೇಪರಿನ ಪುಟ ತೆರೆಯುತ್ತಿತ್ತು, ಟಿವಿ ಓಡುತ್ತಿತ್ತು.

ಪುಟ್ಟ ಒಂದು ಉಪಾಯ ಹೇಳಿದ. "ತಾತ, ಫ್ರೀ ವಿಪಿಎನ್ ಆ್ಯಪ್ ಬೇಕಾದಷ್ಟಿವೆ. ಒಂದು ಹಾಕಿಬಿಡೋಣ." ನಾನು ಒಪ್ಪಲಿಲ್ಲ. ಆ ಸುರಂಗ ಅಮ್ಮನ ಆಫೀಸಿಗೆ ಹೋಗುವುದಿಲ್ಲ, ಆ ಆ್ಯಪ್‌ನವರ ಮನೆಗೆ ಹೋಗುತ್ತದೆ. ನಾವು ಯಾವ ಯಾವ ಬಾಗಿಲು ತಟ್ಟುತ್ತೇವೆಂಬುದೆಲ್ಲ ಅವರಿಗೆ ಕಾಣುತ್ತದೆ. ಬಿಟ್ಟಿ ಕಾವಲುಗಾರನನ್ನು ಇಟ್ಟುಕೊಳ್ಳುವ ಮೊದಲು ಅವನ ಹೊಟ್ಟೆ ಹೇಗೆ ತುಂಬುತ್ತದೆಂದು ಕೇಳಬೇಕಲ್ಲವೇ?

ರಾತ್ರಿ ಎಂಟಕ್ಕೆ ಯಜಮಾನರ ಫೋನ್ ಬಂತು. "ನಾಳೆ ಸಂಜೆಯೊಳಗೆ ಆಗದಿದ್ದರೆ ನಾಡಿದ್ದು ಬಂದುಬಿಡಮ್ಮ. ನನಗೂ ಬೇರೆ ದಾರಿಯಿಲ್ಲ." ಮತ್ತೆ ತಾರಸಿಗೆ ಹೋಗೋಣವೆಂದರೆ ಹಿಂಗಾರು ಮಳೆ ಹಿಡಿದುಕೊಂಡಿತ್ತು. ಮಗಳು ಮಾತಾಡದೆ ಚೀಲಕ್ಕೆ ಬಟ್ಟೆ ತುಂಬತೊಡಗಿದಳು. ಮಂಚದ ಮೇಲಿಂದ ನನ್ನ ಹೆಂಡತಿ, "ಹೋಗಿ ಬಾ ಮಗೂ, ನಾನು ಹೇಗೋ ನೋಡಿಕೊಳ್ತೀನಿ" ಎಂದಳು. ಆ 'ಹೇಗೋ' ಎಂಬುದು ಹೇಗೆಂದು ನಮಗೆಲ್ಲ ಗೊತ್ತಿತ್ತು.

ನನ್ನ ಸಿಟ್ಟಿಗೆ ಒಂದು ತಲೆ ಬೇಕಿತ್ತು. ಸಿಕ್ಕಿದ್ದು ಪುಟ್ಟ. "ನೀನೇ ಏನೋ ಮಾಡಿದ್ದೀಯ. ನಿನ್ನೆ ಸಂಜೆಯಿಂದ ಆ ಡಬ್ಬಿಯ ಹತ್ತಿರವೇ ಇದ್ದೆ. ಆಟ ಹಾಕಿಕೊಂಡು ಕೆಡಿಸಿದ್ದೀಯ" ಎಂದು ಗದರಿದೆ. "ಇಲ್ಲ ತಾತ, ಟಿವಿ ಬಿಟ್ಟು ನಾನು ಏನೂ ಮುಟ್ಟಿಲ್ಲ" ಎಂದ. "ಎದುರು ಮಾತಾಡಬೇಡ" ಎಂದೆ. ಹುಡುಗ ಅಜ್ಜಿಯ ಪಕ್ಕ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ.

ನನಗೆ ನಿದ್ದೆ ಬರಲಿಲ್ಲ. 1979ರ ಒಂದು ರಾತ್ರಿ ನೆನಪಾಯಿತು.

ಆಗ ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಉಳಿತಾಯ ಖಾತೆಗಳ ಲೆಡ್ಜರುಗಳನ್ನೆಲ್ಲ ಕೂಡಿ, ಬಂದ ಮೊತ್ತವನ್ನು ಜನರಲ್ ಲೆಡ್ಜರಿನ ಅಂಕಿಯೊಂದಿಗೆ ತಾಳೆ ನೋಡಬೇಕು. ಒಂದು ಸಲ 90 ರೂಪಾಯಿ ಡಿಫರೆನ್ಸ್ ಬಂತು. ಎರಡು ರಾತ್ರಿ ಕುಳಿತರೂ ಸಿಗಲಿಲ್ಲ. ಹೊಸದಾಗಿ ಸೇರಿದ್ದ ಒಬ್ಬ ಹುಡುಗನ ಮೇಲೆ ಎಲ್ಲರ ಕಣ್ಣು ಬಿತ್ತು. ಪಿಸುಮಾತಾಡಿದವರಲ್ಲಿ ನಾನೂ ಒಬ್ಬ. ಮೂರನೆಯ ರಾತ್ರಿ ನಮ್ಮ ಹಿರಿಯ ಗುಮಾಸ್ತರು ನನ್ನ ಪಕ್ಕ ಕುಳಿತು, "90ನ್ನು 9ರಿಂದ ಭಾಗಿಸು" ಎಂದರು.

ಮಕ್ಕಳೇ, ನೀವೂ ಮಾಡಿ ನೋಡಿ. ಒಂದು ಸಂಖ್ಯೆಯಲ್ಲಿ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸವನ್ನು ಯಾವಾಗಲೂ 9ರಿಂದ ಭಾಗಿಸಬಹುದು. 63ನ್ನು 36 ಎಂದು ಬರೆದರೆ ವ್ಯತ್ಯಾಸ 27. 540ನ್ನು 450 ಎಂದರೆ 90. ಹಾಗಾಗಿ ಅಂಥ ಅದಲುಬದಲನ್ನೇ ಹುಡುಕುತ್ತ ಹೋದೆವು. ಸಿಕ್ಕಿತು. 2,430 ಇರಬೇಕಾದ ಕಡೆ 2,340 ಎಂದಿತ್ತು. ಬರೆದ ಕೈ ನನ್ನದು.

ಹಿರಿಯರು ಬೈಯಲಿಲ್ಲ. "ತಪ್ಪು ಹುಡುಕುವಾಗ ಮನುಷ್ಯರನ್ನು ನೋಡಬೇಡ, ದಾರಿಯನ್ನು ನೋಡು. ಎಲ್ಲಿಯವರೆಗೆ ಸರಿಯಿದೆಯೋ ಅಲ್ಲಿಗೆ ಒಂದು ಗೆರೆ ಎಳೆ. ಒಂದು ಸಲಕ್ಕೆ ಒಂದನ್ನೇ ಮುಟ್ಟು, ಮುಟ್ಟಿದ್ದನ್ನು ಬರೆದಿಡು" ಎಂದರು ಅಷ್ಟೇ. ಆ ಹೊಸ ಹುಡುಗನ ಕ್ಷಮೆ ಕೇಳಬೇಕೆಂದುಕೊಂಡೆ. ನಾಳೆ ಕೇಳೋಣ, ನಾಡಿದ್ದು ಕೇಳೋಣ ಎನ್ನುವಷ್ಟರಲ್ಲಿ ಅವನಿಗೆ ವರ್ಗವಾಗಿ ಬೇರೆ ಊರಿಗೆ ಹೊರಟುಹೋದ. ಇವತ್ತಿಗೂ ಆ ಬಾಕಿ ಹಾಗೇ ಇದೆ.

ಬೆಳಿಗ್ಗೆ ಕಾಫಿ ಕುಡಿದವನೇ ಒಂದು ಹಳೆಯ ನೋಟ್‌ಬುಕ್ ತೆಗೆದೆ. ಪುಟ್ಟನನ್ನು ಕರೆದೆ. ಬಂದ, ಆದರೆ ಮುಖ ಕೊಡಲಿಲ್ಲ. "ನಾನು ಕೇಳ್ತೀನಿ, ನೀನು ನೋಡಿ ಹೇಳು. ಇಬ್ಬರೂ ಸೇರಿ ಡಿಫರೆನ್ಸ್ ಹುಡುಕೋಣ" ಎಂದೆ. ಜಮಾ ಖರ್ಚಿನ ಹಾಗೆ ಪುಟಕ್ಕೆ ನಡುವೆ ಗೆರೆ ಎಳೆದೆ. ಎಡಗಡೆ 'ತಾರಸಿ', ಬಲಗಡೆ 'ಮನೆ'.

ಮೊದಲು ಲ್ಯಾಪ್‌ಟಾಪಿನ ತಾರೀಖು, ಗಂಟೆ ನೋಡಿದೆವು. ಇದು ಸಣ್ಣ ಮಾತಲ್ಲ. ವಿಪಿಎನ್ ಎರಡೂ ಕಡೆ ಒಂದು ಪ್ರಮಾಣಪತ್ರ ನೋಡಿ ಗುರುತು ಹಿಡಿಯುವುದುಂಟು. ಚೆಕ್ಕಿಗೆ ಮೂರು ತಿಂಗಳ ಅವಧಿ ಇರುವ ಹಾಗೆ ಅದಕ್ಕೂ ಅವಧಿಯಿದೆ. ಲ್ಯಾಪ್‌ಟಾಪಿನ ಗಡಿಯಾರವೇ ತಪ್ಪಿದ್ದರೆ ಸರಿಯಾದ ಪ್ರಮಾಣಪತ್ರವನ್ನೂ ಅದು ಅವಧಿ ಮೀರಿದ್ದೆಂದು ತಿಳಿಯುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ಆರಂಕಿಯ ಗುಪ್ತ ಸಂಖ್ಯೆ ಹಾಕುವ ಕಡೆಯೂ ಗಡಿಯಾರ ಸರಿಯಿರಬೇಕು. ನಮ್ಮದು ಸರಿಯಾಗಿತ್ತು. ಟಿಕ್ ಹಾಕಿದೆ.

ಪಾಸ್‌ವರ್ಡ್? ತಪ್ಪಾಗಿದ್ದರೆ 'ಕನೆಕ್ಟೆಡ್' ಎಂದೇ ಬರುತ್ತಿರಲಿಲ್ಲ. ಟಿಕ್.

ಅಷ್ಟರಲ್ಲಿ ಮಳೆ ನಿಂತಿತು. "ಬೇಗ, ತಾರಸಿಗೆ" ಎಂದೆ. ಮಗಳು ಲ್ಯಾಪ್‌ಟಾಪ್ ಹಿಡಿದಳು, ಪುಟ್ಟ ಕೊಡೆ ಹಿಡಿದ, ನಾನು ನೋಟ್‌ಬುಕ್ ಹಿಡಿದು ಮಂಡಿ ಊರಿಕೊಂಡು ಹತ್ತಿದೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ವಿಪಿಎನ್ ಹಾಕಿ, ಫೋಲ್ಡರ್ ಒತ್ತಿದಳು. ತೆರೆಯಿತು!

ಇದೊಂದರಿಂದ ಅರ್ಧ ದಾರಿಗೆ ಗೆರೆ ಬಿತ್ತು. ಲ್ಯಾಪ್‌ಟಾಪ್ ಸರಿ, ಪಾಸ್‌ವರ್ಡ್ ಸರಿ, ಸರ್ವರ್ ಸರಿ, ಅನುಮತಿಯೂ ಸರಿ. ಆ ಹುಡುಗ ನಿನ್ನೆಯೆಲ್ಲ ಹುಡುಕಿದ್ದು ತಪ್ಪಿಲ್ಲದ ಲೆಡ್ಜರಿನಲ್ಲಿ. ಡಿಫರೆನ್ಸ್ ಇರುವುದು ಮನೆಯ ಕಡೆಯೇ.

"ಪಿಂಗ್ ಕೂಡ ಮಾಡಿಬಿಡು, ಬರೆದುಕೊಳ್ತೀನಿ" ಎಂದೆ. ಪಿಂಗಿನ ಉತ್ತರದ ಜೊತೆಗೆ ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬ ಲೆಕ್ಕವೂ ಬರುತ್ತದೆ, ಮಿಲಿಸೆಕೆಂಡಿನಲ್ಲಿ. ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಪುಟ್ಟ ಓದಿದ: 68, 74, 71, 70. ಲ್ಯಾಪ್‌ಟಾಪಿನ ನಂಬರ್ 192.168.43.25. ಸರ್ವರ್‌ನ ನಂಬರ್ 192.168.1.10. ಎಲ್ಲ ಎಡಗಡೆ ಬರೆದುಕೊಂಡೆ.

ಕೆಳಗೆ ಬಂದು ಮನೆಯ ವೈಫೈಗೆ ಸೇರಿಸಿ ಅದನ್ನೇ ಮಾಡಿದೆವು. ಫೋಲ್ಡರ್ ತೆರೆಯಲಿಲ್ಲ. ಪಿಂಗಿಗೆ ಉತ್ತರ ಬಂತು: 3, 2, 3, 3. ಲ್ಯಾಪ್‌ಟಾಪಿನ ನಂಬರ್ 192.168.1.6.

ಎರಡೂ ಕಡೆಯ ಅಂಕಿಗಳನ್ನು ನೋಡುತ್ತ ಕುಳಿತೆ. ನನಗೆ ಕಂಪ್ಯೂಟರ್ ಬರುವುದಿಲ್ಲ. ಆದರೆ ಅಂಕಿ ನೋಡಿ ನೋಡಿ ಕಣ್ಣು ಸವೆಸಿದವನು. ಬೆಂಗಳೂರಿಗೆ ಹೋಗಿಬರಲು ಎಡಗಡೆ 70, ಬಲಗಡೆ ಬರೀ 3. ಫೈಬರ್ ವೇಗದ್ದೇ ಇರಬಹುದು. ಆದರೂ ಇಷ್ಟು ಬೇಗ ಉತ್ತರ ಕೊಡುವವನು ಬಾಗಿಲು ಮಾತ್ರ ಯಾಕೆ ತೆಗೆಯುವುದಿಲ್ಲ? ಆಮೇಲೆ ಇನ್ನೊಂದು ಕಾಣಿಸಿತು. ಬಲಗಡೆ ನಮ್ಮ ಲ್ಯಾಪ್‌ಟಾಪಿನ ನಂಬರೂ ಸರ್ವರ್‌ನ ನಂಬರೂ ಮೊದಲ ಮೂರು ಭಾಗ ಒಂದೇ: 192.168.1. ಎಡಗಡೆ ಹಾಗಿರಲಿಲ್ಲ.

ಆಫೀಸಿನ ಆ ಹುಡುಗನಿಗೆ ಮಗಳು ಫೋನ್ ಹಚ್ಚಿಕೊಟ್ಟಳು. "ನೋಡಪ್ಪಾ, ದಡ್ಡ ಪ್ರಶ್ನೆ ಅಂದುಕೊಳ್ಳಬೇಡ. ನಮ್ಮ ಮನೆ ನಂಬರೂ ನಿಮ್ಮ ಸರ್ವರ್ ನಂಬರೂ ಒಂದೇ ಬೀದಿಯದ್ದೇ?" ಎಂದು ಕೇಳಿ, ನಾನು ಬರೆದಿಟ್ಟಿದ್ದನ್ನು ಓದಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸರ್... ನಿಮ್ಮ ಮನೇಲಿ ವೈಫೈಗೆ ಬೇರೆ ಏನೇನು ಸೇರಿಸಿದ್ದೀರಿ?"

"ಟಿವಿ" ಎಂದ ಪುಟ್ಟ.

"ಪಿಂಗ್ ನಿಲ್ಲಿಸಬೇಡಿ, ಓಡ್ತಾ ಇರಲಿ. ಟಿವಿಯ ಪ್ಲಗ್ ತೆಗೀರಿ."

ಪುಟ್ಟ ಓಡಿಹೋಗಿ ಪ್ಲಗ್ ಕಿತ್ತ. ಲ್ಯಾಪ್‌ಟಾಪಿನಲ್ಲಿ "ಇದ್ದೇನೆ, ಇದ್ದೇನೆ" ಎನ್ನುತ್ತಿದ್ದ ಉತ್ತರ ಫಕ್ಕನೆ ನಿಂತಿತು. ಒಳಗಿನಿಂದ, "ರೀ, ಯಾರದು ಟಿವಿ ಆರಿಸಿದ್ದು? ಈಗ ತಾನೇ ಮದುವೆ ಮಂಟಪಕ್ಕೆ ಬಂದಿದ್ರು!" ಎಂದು ನನ್ನ ಹೆಂಡತಿ ಕೂಗಿದಳು.

ಮತ್ತೆ ಪ್ಲಗ್ ಹಾಕಿದ. ಸ್ವಲ್ಪ ಹೊತ್ತಿಗೆ ಉತ್ತರ ಬರತೊಡಗಿತು. ನಿನ್ನೆಯಿಂದ ನಮ್ಮ ಕೂಗಿಗೆ ಓಗೊಡುತ್ತಿದ್ದದ್ದು ಬೆಂಗಳೂರಿನ ಸರ್ವರ್ ಅಲ್ಲ, ಪಕ್ಕದ ಕೋಣೆಯ ಧಾರಾವಾಹಿ ಟಿವಿ!

ಆದದ್ದು ಇಷ್ಟು. ಮನೆಯೊಳಗಿನ, ಆಫೀಸಿನೊಳಗಿನ ಯಂತ್ರಗಳಿಗೆಂದು ಕೆಲವು ನಂಬರುಗಳನ್ನು ಬೇರೆಯಾಗಿ ಎತ್ತಿಟ್ಟಿದ್ದಾರೆ. 1996ರಲ್ಲಿ ಬರೆದ ನಿಯಮದ ಪ್ರಕಾರ 10ರಿಂದ ಶುರುವಾಗುವುದು ಒಂದು ಸಾಲು, 172.16ರಿಂದ 172.31ರವರೆಗಿನದು ಇನ್ನೊಂದು, 192.168 ಮೂರನೆಯದು. ಇವನ್ನು ಯಾರನ್ನೂ ಕೇಳದೆ ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಬಹುದು. ಯಾವ ಊರಿಗೆ ಹೋದರೂ ಒಂದು ಗಾಂಧಿನಗರ ಇರುವ ಹಾಗೆ, ಎಷ್ಟೋ ವೈಫೈ ಡಬ್ಬಿಗಳು ಕಾರ್ಖಾನೆಯಿಂದ ಬರುವಾಗಲೇ 192.168.1 ಎಂಬ ಬೀದಿಯನ್ನು ಕಟ್ಟಿಕೊಂಡು ಬರುತ್ತವೆ. ಊರು ಬೇರೆಯಾಗಿರುವವರೆಗೆ ತೊಂದರೆಯಿಲ್ಲ. ವಿಪಿಎನ್ ಬಂದು ಎರಡು ಊರನ್ನೂ ಸುರಂಗದಿಂದ ಸೇರಿಸಿದಾಗ ಪೇಚಾಟ. "1ನೇ ಬೀದಿಯ 10ನೇ ಮನೆ" ಎಂದರೆ ಲ್ಯಾಪ್‌ಟಾಪ್ ಸುರಂಗದ ಕಡೆ ಹೋಗದೆ, ಅದು ತನ್ನದೇ ಬೀದಿ ಎಂದುಕೊಂಡು ಪಕ್ಕದಲ್ಲೇ ಹುಡುಕುತ್ತಿತ್ತು. ಹೊಸ ಟಿವಿಗೆ ನಮ್ಮ ಡಬ್ಬಿ ಕೊಟ್ಟಿದ್ದ ನಂಬರ್ ಕಾಕತಾಳೀಯವಾಗಿ ಅದೇ 10.

ಟಿವಿ ಇಲ್ಲದಿದ್ದರೂ ಫೋಲ್ಡರ್ ತೆರೆಯುತ್ತಿರಲಿಲ್ಲ. ಟಿವಿ ಮಾಡಿದ್ದು ಸುಳ್ಳು ಸಾಕ್ಷಿ ಹೇಳುವ ಕೆಲಸ, ಅಷ್ಟೇ. ಆ ಸಾಕ್ಷಿಯನ್ನು ನಂಬಿ ಒಂದು ಇಡೀ ದಿನ ಹಾಳಾಯಿತು. ಮಗಳ ಬೆಂಗಳೂರಿನ ಮನೆಯ ಡಬ್ಬಿಯದು 192.168.0, ಮೊಬೈಲಿನದು 192.168.43. ಅದಕ್ಕೇ ಅಲ್ಲೆಲ್ಲ ಸುಸೂತ್ರವಾಗಿ ನಡೆದಿತ್ತು.

ಪರಿಹಾರಕ್ಕೆ ಹಿಡಿದದ್ದು ಹತ್ತು ನಿಮಿಷ. ಆ ಹುಡುಗ ಹೇಳುತ್ತ ಹೋದ, ಪುಟ್ಟ ಮಾಡುತ್ತ ಹೋದ, ನಾನು ಬರೆಯುತ್ತ ಹೋದೆ. ಡಬ್ಬಿಯ ಅಡಿಯ ಚೀಟಿಯಲ್ಲಿದ್ದ ಹೆಸರು, ಪಾಸ್‌ವರ್ಡ್ ಹಾಕಿ ಅದರ ಒಳಪುಟ ತೆರೆದದ್ದಾಯಿತು. ಮನೆಯೊಳಗಿನ ನಂಬರ್ ಎಂದಿದ್ದ ಕಡೆ 192.168.1.1 ಅಳಿಸಿ 192.168.77.1 ಎಂದು ಹಾಕಿ ಉಳಿಸಿದ. ಏನನ್ನೂ ಬದಲಾಯಿಸುವ ಮೊದಲು ಹಳೆಯ ನಂಬರನ್ನು ನಾನು ಬರೆದುಕೊಂಡಿದ್ದೆ, ಕೆಟ್ಟರೆ ಹಿಂದಕ್ಕೆ ಹೋಗಲು ದಾರಿ ಬೇಕಲ್ಲ. ಚೀಟಿಯ ಪಾಸ್‌ವರ್ಡನ್ನೂ ಬದಲಾಯಿಸಿಬಿಡಿ ಎಂದು ಆ ಹುಡುಗ ಹೇಳಿದ. ಅದನ್ನೂ ಮಾಡಿದೆವು. ಡಬ್ಬಿ ಒಮ್ಮೆ ಆರಿ ಮತ್ತೆ ಹತ್ತಿಕೊಂಡಿತು.

ಮಗಳು ವಿಪಿಎನ್ ಹಾಕಿದಳು. ಪಿಂಗಿನ ಉತ್ತರ 24, 26, 25. ಈ ಸಲ ಸುರಂಗದೊಳಗೆ ಹೋಗಿ ಬಂದ ಉತ್ತರ. ಫೋಲ್ಡರ್ ತೆರೆಯಿತು. ಅವಳು ಏನೂ ಹೇಳಲಿಲ್ಲ, ಎದ್ದು ಹೋಗಿ ಚೀಲದಿಂದ ಬಟ್ಟೆ ತೆಗೆದು ಮತ್ತೆ ಬೀರುವಿಗೆ ಇಟ್ಟಳು. ಆ ಸಂಜೆಯಿಂದ ತಾಯಿಯ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತವಳು 19ರ ರಾತ್ರಿಯೊಳಗೆ ಎಲ್ಲ ರಿಟರ್ನುಗಳನ್ನೂ ಮುಗಿಸಿದಳು. ನಡುವೆ ಎಷ್ಟು ಸಲ "ಮಗೂ" ಎಂಬ ಕೂಗು ಬಂತೋ ಅಷ್ಟು ಸಲವೂ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅವಳಿದ್ದಳು.

ನನ್ನ ವಯಸ್ಸಿನವರಿಗೆ ಒಂದು ಮಾತು. ಇಂಥ ಯಂತ್ರ ಕೈಕೊಟ್ಟಾಗ ನಮಗೇನು ತಿಳಿಯುತ್ತದೆ ಎಂದು ದೂರ ಸರಿಯಬೇಡಿ. ಕೇಳಬೇಕಾದ ಪ್ರಶ್ನೆಗಳು ನಾವು ಜೀವಮಾನವೆಲ್ಲ ಕೇಳಿದವೇ. ಬರೀ ಇಂಟರ್‌ನೆಟ್ ಓಡುತ್ತಿದೆಯೇ? ಗಡಿಯಾರ ಸರಿಯಿದೆಯೇ? ಬೇರೆ ದಾರಿಯಲ್ಲಿ, ಅಂದರೆ ಮೊಬೈಲಿನ ಇಂಟರ್‌ನೆಟ್‌ನಲ್ಲಿ ನಡೆಯುತ್ತದೆಯೇ? ನಡೆದ ಕಡೆಗೂ ನಡೆಯದ ಕಡೆಗೂ ವ್ಯತ್ಯಾಸವೇನು? ಕೊನೆಯದಾಗಿ, ಉತ್ತರ ಬಂತೆಂದು ಹಿಗ್ಗುವ ಮೊದಲು, ಉತ್ತರ ಕೊಟ್ಟದ್ದು ಯಾರು? ತಾಂತ್ರಿಕ ಕೆಲಸ ಗೊತ್ತಿರುವ ಹುಡುಗರು ಪರಿಹಾರ ಹೇಳುತ್ತಾರೆ. ಆದರೆ ಎರಡು ಸಾಲು ಮಾಡಿ ಬರೆದುಕೊಟ್ಟರೆ ಅವರ ಅರ್ಧ ಕೆಲಸ ಮುಗಿದ ಹಾಗೆ.

ಈಗ ನನ್ನ ತಪ್ಪಿನ ವಿಷಯ.

ಫೋಲ್ಡರ್ ತೆರೆದ ಆ ಸಂಜೆ ಪುಟ್ಟನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. "ಪುಟ್ಟ, ಮೊನ್ನೆ ರಾತ್ರಿ ನಿನ್ನನ್ನು ಬೈದದ್ದು ತಪ್ಪು. ನೀನು ಏನೂ ಮಾಡಿರಲಿಲ್ಲ. ನಾನು ನೋಡದೆ ಹೇಳಿದೆ" ಎಂದೆ.

"ಮೊನ್ನೆ ಅಲ್ಲ, ನಿನ್ನೆ" ಎಂದ. ಲೆಕ್ಕದಲ್ಲಿ ನನ್ನ ಮೊಮ್ಮಗನೇ ಸರಿ.

ಆಮೇಲೆ ನೋಟ್‌ಬುಕ್ ಎಳೆದುಕೊಂಡು, ನಾನು ಬರೆದ ಅಂಕಿಗಳ ಕೆಳಗೆ ದುಂಡಗೆ ಬರೆದ: 'ಪುಟ್ಟ ಏನೂ ಕೆಡಿಸಿಲ್ಲ. ತಾಳೆಯಾಗಿದೆ.' ಪೆನ್ನನ್ನು ನನ್ನ ಕೈಗೆ ಕೊಟ್ಟ. "ಬ್ಯಾಂಕಲ್ಲಿ ತಿದ್ದಿದ ಕಡೆ ಸಹಿ ಹಾಕ್ತಾರೆ ಅಂತ ಹೇಳ್ತಿದ್ದೆಯಲ್ಲ ತಾತ, ಹಾಕು."

ಹಾಕಿದೆ. ತಾರೀಖನ್ನೂ ಬರೆದೆ.